ಗೋಡೆಯೊಳಗಿನವರನ್ನು ಬಿಡಿಸಿದವಳು

"ಆ ಮನೆಗೆ ಹೋದರೆ ಗೋಡೆಗೆ ಬೆನ್ನು ಕೊಟ್ಟು ಮಾತ್ರ ಕೂರಬೇಡಿ" ಅಂತ ಓಣಿಯವರೆಲ್ಲ ಹೇಳುತ್ತಿದ್ದರು. ಹೊಸದಾಗಿ ಬಾಡಿಗೆಗೆ ಬಂದವರಿಗೆ ನಲ್ಲಿ ನೀರು ಯಾವಾಗ ಬರುತ್ತದೆ, ಕಸದ ಗಾಡಿ ಎಲ್ಲಿ ನಿಲ್ಲುತ್ತದೆ ಎಂದು ಹೇಳಿಕೊಡುವ ಹಾಗೆಯೇ ಇದನ್ನೂ ಹೇಳಿಕೊಡುತ್ತಿದ್ದರು. ಓಣಿಯ ಕೊನೆಯ ಮನೆ ಅದು, ಟೇಲರ್ ಮನೆ. ಇಸ್ತ್ರಿಯವನ ಹೆಂಡತಿ ಒಮ್ಮೆ ಹೊಸ ರವಿಕೆಗೆ ಅಳತೆ ಕೊಡಲು ಹೋಗಿದ್ದವಳು ಬೆಪ್ಪಾಗಿ ಬಂದಿದ್ದಳು.

"ಮುಂದಿನಿಂದ ಟೇಲರ್ ಟೇಪು ಹಿಡಿದಿದ್ದಾರೆ ಕಣ್ರೀ, ಹಿಂದಿನಿಂದ ಇನ್ಯಾರೋ ಗೇಣು ಹಾಕಿ ಅಳೀತಿದ್ದಾರೆ! ಹಿಮದಂಥಾ ಬೆರಳು!"

"ರವಿಕೆ ಹೇಗೆ ಬಂತು?"

"ಅದನ್ನ ಮಾತ್ರ ಕೇಳ್ಬೇಡಿ. ಬೆನ್ನಿನ ಕಡೆ ಒಂದು ಸುಕ್ಕಿಲ್ಲ. ಹುಟ್ಟಿದಾಗಿಂದ ಅಂಥ ರವಿಕೆ ತೊಟ್ಟಿಲ್ಲ ನಾನು."

ಆ ಟೇಲರ್‌ಗೆ ಒಬ್ಬಳೇ ಮಗಳು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಯಾವುದಿತ್ತೋ, ಓಣಿಯವರು ಅದನ್ನು ಬಳಸಿದ್ದೇ ಇಲ್ಲ. ಗೋಡೆ, ನೆಲ, ಬಾಗಿಲು, ಅಪ್ಪನ ಗಿರಾಕಿಗಳ ಪೊಟ್ಟಣ, ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದವಳು ಗೀಚಿ ಆದಳು. ಹಾಗೆಂದು ಕರೆದರೆ ಓಗೊಡುತ್ತಿದ್ದಳು ಕೂಡ.

ಆ ಮನೆಗೂ ಪಕ್ಕದ ಲಾಂಡ್ರಿಗೂ ನಡುವೆ ಒಂದೇ ಗೋಡೆ. ಆಚೆಗೆ ಬಾಯ್ಲರು, ತೊಟ್ಟಿಗಳು, ಆಸ್ಪತ್ರೆಯಿಂದಲೂ ವಸತಿಗೃಹಗಳಿಂದಲೂ ಬಂದು ಬೀಳುವ ಹಾಸಿಗೆ ಬಟ್ಟೆಯ ಗುಡ್ಡೆ. ಈಚೆಗೆ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಒಂದು ಮಂಚ. ಆಚೆಯ ಉಗಿಯನ್ನೂ ನೀರನ್ನೂ ಕುಡಿದು ಕುಡಿದು ಗೋಡೆ ಈಚೆಗೆ ವರ್ಷವಿಡೀ ಬೆವರುತ್ತಿತ್ತು. ಸುಣ್ಣ ಬಳಿದರೆ ಸ್ವಲ್ಪ ದಿನಕ್ಕೇ ಹಕ್ಕಳೆ ಎದ್ದು ಉದುರುತ್ತಿತ್ತು. ಉದುರಿದ ಕಡೆ ಕಂದು, ಹಸಿರು, ಬೂದು ಬಣ್ಣದ ಕಲೆಗಳು. ಇವತ್ತು ನೋಡಿದ ಕಲೆ ನಾಳೆ ಅದೇ ಜಾಗದಲ್ಲಿ ಇರುತ್ತಿರಲಿಲ್ಲ.

ಗೀಚಿಯ ಅಮ್ಮ ಆ ಲಾಂಡ್ರಿಯಲ್ಲೇ ಬಟ್ಟೆ ಮಡಚುವ ಕೆಲಸಕ್ಕಿದ್ದಳು. ಮಗಳು ಇನ್ನೂ ಗೋಡೆ ಹಿಡಿದು ಹೆಜ್ಜೆ ಇಡುತ್ತಿದ್ದ ಕಾಲಕ್ಕೆ ಅವಳು ಜ್ವರ ಬಂದು ಮಲಗಿದಳು. ಮೈಯುರಿ ತಾಳಲಾರದೆ ತಣ್ಣನೆಯ ಗೋಡೆಗೆ ಕೆನ್ನೆ ಒತ್ತಿ, ಆ ಕಡೆಗೇ ಮುಖ ಮಾಡಿಕೊಂಡವಳು ಮತ್ತೆ ಈ ಕಡೆ ಹೊರಳಲಿಲ್ಲ. ಒಂದು ಫೋಟೋ ಹೊಡೆಸೋಣ, ಹೊಡೆಸೋಣ ಅಂತ ಗಂಡ ಹೆಂಡತಿ ಅಂದುಕೊಂಡಿದ್ದೇ ಬಂತು.

ಮಗುವನ್ನು ಸಾಕಿದ್ದು ಟೇಲರ್‌ನ ತಾಯಿ. ಅಜ್ಜಿಗೆ ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಚುರುಕಾಗೇ ಇತ್ತು. ಒಂದು ದಿನ ಮೊಮ್ಮಗಳು ಅಪ್ಪನ ಸೀಮೆಸುಣ್ಣದ ಬಿಲ್ಲೆ ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಅಜ್ಜಿ ಕೇಳಿದಳು:

"ಏನೇ ಪುಟ್ಟಿ, ಏನು ಬಿಡಿಸ್ತಿದ್ದೀಯ?"

ಅಜ್ಜಿ ಕೇಳಿದ್ದು ಚಿತ್ರ ಬಿಡಿಸುವುದನ್ನು. ಆದರೆ ಟೇಲರ್ ಮನೆಯಲ್ಲಿ ಹುಟ್ಟಿದ ಮಗು ನೋಡಿ. ಆ ಮನೆಯಲ್ಲಿ ಬಿಡಿಸುವುದು ಅಂದರೆ ಹೊಲಿಗೆ ಬಿಡಿಸುವುದು, ಗಂಟು ಬಿಡಿಸುವುದು, ಸಿಕ್ಕಾದ ದಾರ ಬಿಡಿಸುವುದು. ಸಿಕ್ಕಿಕೊಂಡದ್ದು ಇದ್ದರೆ ತಾನೇ ಬಿಡಿಸೋದು? ಮಗು ಗೋಡೆ ನೋಡಿತು, ಅಜ್ಜಿಯನ್ನು ನೋಡಿತು.

"ಇದರೊಳಗೆ ಯಾರು ಸಿಕ್ಕಿಹಾಕ್ಕೊಂಡಿದ್ದಾರೆ ಅಜ್ಜಿ?"

ಅಜ್ಜಿಗೆ ನಗು ಉಕ್ಕಿ ಬಂತು. "ಯಾರ್ಯಾರೋ ಇದ್ದಾರೆ ಕಣೇ. ನಿನ್ನ ಕೈಗೆ ಯಾರು ಸಿಗ್ತಾರೋ ಅವರನ್ನ ಬಿಡಿಸು."

ತಮಾಷೆಗೆ ಆಡಿದ ಮಾತು. ಮಗು ಅದನ್ನು ಗಂಟು ಹಾಕಿಟ್ಟುಕೊಂಡಿತು.

ಅಲ್ಲಿಂದ ಶುರುವಾಯಿತು. ಅಪ್ಪ ಹಳೇ ಬಟ್ಟೆಯ ಹೊಲಿಗೆ ಬಿಡಿಸಲು ಕೊಟ್ಟಾಗ ಅವಳು ಬ್ಲೇಡಿನ ಮೂಲೆಯಿಂದ ದಾರದ ಒಂದು ತುದಿ ಎತ್ತಿ, ಉಸಿರು ಬಿಗಿಹಿಡಿದು ಎಳೆಯುತ್ತಿದ್ದಳು. ಇಡೀ ಸಾಲು ಸರ್ರನೆ ಬಿಟ್ಟುಕೊಳ್ಳುತ್ತಿತ್ತು. ಗೋಡೆಯ ಕಲೆಗೂ ಹಾಗೇ ಮಾಡಿದಳು. ಕಲೆಯಲ್ಲಿ ಎಲ್ಲೋ ಒಂದು ಗೆರೆಯ ತುದಿ ಇರುತ್ತದೆ, ಅದನ್ನು ಹುಡುಕಬೇಕು. ಸಿಕ್ಕಮೇಲೆ ಕೈ ಎತ್ತದೆ ಎಳೆಯುತ್ತ ಹೋಗಬೇಕು. ಎಳೆದಂತೆಲ್ಲ ಒಂದು ಮುಖ ಬಿಟ್ಟುಕೊಳ್ಳುತ್ತಿತ್ತು. ತುದಿ ಹೆಚ್ಚಾಗಿ ಅದರ ಕಿವಿಯ ಹತ್ತಿರವೇ ಸಿಗುತ್ತಿತ್ತು. ಯಾಕೋ ಅವಳಿಗೂ ಗೊತ್ತಿರಲಿಲ್ಲ.

ಮೊದಲು ಪೂರ್ತಿಯಾಗಿ ಬಂದವನು ಒಬ್ಬ ಮುದುಕ. ಗಲ್ಲ ಒಳಕ್ಕೆ ಸರಿದಿತ್ತು, ಟೋಪಿ ಸೊಟ್ಟಗಿತ್ತು, ಒಂದು ಹುಬ್ಬು ಅರ್ಧ ಸುಟ್ಟ ಹಾಗಿತ್ತು. ಬಟ್ಟೆ ಕೊಡಲು ಬಂದ ಇಸ್ತ್ರಿಯವನು ಅದನ್ನು ನೋಡಿ ಕೈಯಲ್ಲಿದ್ದ ಗಂಟನ್ನು ಹಾಗೇ ಕೆಳಕ್ಕೆ ಬಿಟ್ಟ.

"ಅಯ್ಯೋ, ಇದು ನಮ್ಮ ಬಾಯ್ಲರ್ ತಾತ! ಈ ಮಗು ಹುಟ್ಟೋಕೆ ಮುಂಚೇನೇ ಹೋದ್ನಲ್ರೀ ಅವನು!"

ಮಾರನೇ ದಿನ ಗೋಡೆಯ ಅಷ್ಟು ಜಾಗ ಬಿಸಿಲಿಗಿಟ್ಟ ಹಪ್ಪಳದಂತೆ ಒಣಗಿತ್ತು. ಲಾಂಡ್ರಿಯ ಹೆಂಗಸರು ಬೇರೆಯದನ್ನೇ ಹೇಳಿದರು: ಬೆಳಿಗ್ಗೆ ಬಾಯ್ಲರು ಹಚ್ಚುವಾಗ ಹಿಂದುಗಡೆ ಯಾರೋ ಕೆಮ್ಮುತ್ತಿದ್ದದ್ದು ನಿಂತುಹೋಗಿದೆ, ಇಷ್ಟು ವರ್ಷ ಅದು ಕೊಳವೆಯ ಸದ್ದು ಅಂತ ಸುಮ್ಮನಿದ್ದೆವು. ಗೋಡೆಗೆ ಬೆನ್ನು ಕೊಡಬೇಡಿ ಎಂಬ ಮಾತು ಹುಟ್ಟಿದ್ದು ಆಗಲೇ.

ಗೀಚಿಗೆ ಶಾಲೆ ಹತ್ತಲಿಲ್ಲ. ಅಪ್ಪನ ಗಿರಾಕಿಗಳಿಗೆ "ಹೀಗೆ ಬರುತ್ತೆ ನೋಡಿ" ಎಂದು ಅಂಗಿಯ ನಮೂನೆ ತೆಗೆದು ತೋರಿಸುವುದರಿಂದ ಅವಳ ಕೆಲಸ ಶುರುವಾಯಿತು. ನೆರಳು ಮೂಡಿಸಲು ಕಪ್ಪು ಹಾಕಿದರೆ ಮುಖ ಮಸಿ ಬಳಿದಂತೆ ಕಾಣುತ್ತದೆ ಎಂಬುದನ್ನು ಹಾಕಿ ಕೆಡಿಸಿಯೇ ಕಲಿತಳು. ನೆರಳಿನಲ್ಲಿ ಹಸಿರಿದೆ, ನೀಲಿಯಿದೆ ಎಂದು ತೋರಿಸಿಕೊಟ್ಟದ್ದು ಆ ಗೋಡೆಯೇ. ಪ್ರಾಯಕ್ಕೆ ಬಂದಮೇಲೆ ಪೇಟೆಯಲ್ಲಿ ಅಂಗಡಿ ಬೋರ್ಡು ಬರೆಯುವವನ ಹತ್ತಿರ ಕೆಲಸ ಕೇಳಲು ಹೋದಳು.

"ಯಾರ ಹತ್ರ ಕಲ್ತೆಯಮ್ಮ?"

"ಗೋಡೆ ಹತ್ರ."

"ಒಳ್ಳೇ ಮೇಷ್ಟ್ರು. ಬೈಯಲ್ಲ, ಹೊಡೆಯಲ್ಲ" ಎಂದು ಬೋರ್ಡಿನವನು ನಕ್ಕ. ಒಂದು ತಗಡು ಕೊಟ್ಟು ಹಲ್ಲಿನ ಡಾಕ್ಟರ ಬೋರ್ಡಿಗೆ ನಗುವ ಮುಖ ಬರೆ ಅಂದ. ಅವಳು ಬರೆದ ಮುಖ ನೋಡಿ ಅವನ ನಗು ನಿಂತಿತು. "ಹಲ್ಲು ನೋವೇ ಹೋಗೋ ಹಾಗಿದೆ. ನಾಳೆಯಿಂದ ಬಾ."

ಹಾಗೆ ಬೋರ್ಡು, ಗಾಡಿಯ ಹಿಂಬದಿ, ಕ್ಷೌರದಂಗಡಿಯ ಕನ್ನಡಿಯ ಮೇಲಿನ ಹೂಬಳ್ಳಿ ಬರೆಯುತ್ತ ಗೀಚಿ ಊರಿಗೆ ಬೇಕಾದವಳಾದಳು. ಆಮೇಲೆ ಸತ್ತವರ ಚಿತ್ರ ಕೇಳಿಕೊಂಡು ಜನ ಮನೆಗೇ ಬರತೊಡಗಿದರು. ಫೋಟೋ ಇಲ್ಲದವರು, ಇದ್ದ ಒಂದು ಫೋಟೋ ನೀರಿಗೆ ಸಿಕ್ಕಿ ಕೆಟ್ಟವರು. ಅವಳು ಅವರನ್ನು ಎದುರಿಗೆ ಕೂರಿಸಿಕೊಂಡು ಮೊದಲು ಒಂದೇ ಪ್ರಶ್ನೆ ಕೇಳುತ್ತಿದ್ದಳು.

"ಕಿವಿ ಹೇಗಿತ್ತು?"

ಬಂದವರಿಗೆ ತಬ್ಬಿಬ್ಬು. "ಕಿವೀನಾ? ಕಣ್ಣು ದೊಡ್ಡದಿತ್ತಮ್ಮ, ಮೂಗು ನೀಟಾಗಿತ್ತು…"

"ಸತ್ತವರೆಲ್ಲರ ಕಣ್ಣೂ ದೊಡ್ಡದೇ, ಮೂಗೂ ನೀಟೇ. ಕಿವಿ ಹೇಳಿ."

ಆಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕಿವಿ ನೆನಪಾಗಬೇಕಾದರೆ ಆ ಮನುಷ್ಯನ ಪಕ್ಕದಲ್ಲಿ ಹೋಗಿ ಕೂರಬೇಕು, ಊಟಕ್ಕೋ ಪ್ರಯಾಣಕ್ಕೋ ಜೊತೆಯಾದ ಹಾಗೆ. ಅವರು ಹಾಗೆ ಕೂತ ಗಳಿಗೆಯಲ್ಲೇ ಗೀಚಿಗೆ ಗೆರೆಯ ತುದಿ ಸಿಗುತ್ತಿತ್ತು.

ಬಸ್ ಡ್ರೈವರ್‌ನ ಹೆಂಡತಿ ಗಂಡನ ಚಿತ್ರ ಒಯ್ದವಳು ವಾರದಲ್ಲೇ ಕುಣಿಯುತ್ತ ಬಂದಳು. ಬೆಳಗಾದರೆ ಕೇಳುತ್ತಿದ್ದ ಬೀಗದ ಕೈ ಗೊಂಚಲಿನ ಸದ್ದು ನಿಂತಿತ್ತಂತೆ. "ಬದುಕಿದ್ದಾಗಲೂ ಮಲಗೋಕೆ ಬಿಡಲಿಲ್ಲ ಪುಣ್ಯಾತ್ಮ. ಈಗ ಸೂರ್ಯ ನೆತ್ತಿಗೆ ಬರೋವರೆಗೂ ಮಲಗ್ತೀನಿ!" ಅಂದಳು. ಗೀಚಿಯೂ ನಕ್ಕಳು.

ಅದಾದಮೇಲೆ ಗಡಿಯಾರ ರಿಪೇರಿಯ ಮುದುಕ ಬಂದ. ಹೆಂಡತಿಯ ಚಿತ್ರವನ್ನು ಖುಷಿಯಿಂದ ಒಯ್ದಿದ್ದವನು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾಪಸ್ ತಂದಿದ್ದ.

"ಚೆನ್ನಾಗಿಲ್ವಾ ತಾತ?"

"ಅವಳೇ ಇದ್ದ ಹಾಗಿದೆ ಮಗಳೇ. ಆದ್ರೆ ಮನೇಲಿ ಈಗ ಅವಳಿಲ್ಲ."

ಗೀಚಿಗೆ ಅರ್ಥವಾಗಲಿಲ್ಲ. ಮುದುಕ ಮೆಲ್ಲನೆ ಹೇಳಿದ. ಅವಳು ಸತ್ತಮೇಲೂ ಅಡುಗೆಮನೆಯಲ್ಲಿ ಚಮಚ ಅಲ್ಲಾಡುತ್ತಿತ್ತು. ಮಂಚದ ಆ ಬದಿ ತಗ್ಗುತ್ತಿತ್ತು. ಅವನು ಬಾಗಿಲು ತೆಗೆದು ಒಳಗೆ ಬಂದರೆ, ಈಗಷ್ಟೇ ಯಾರೋ ಮಾತು ನಿಲ್ಲಿಸಿದಂತೆ ಇರುತ್ತಿತ್ತು. "ಯಾರಿಗೂ ಹೇಳಿರಲಿಲ್ಲ. ಅರಳುಮರಳು ಅಂತಾರೆ. ಚಿತ್ರ ತಗಲಿಹಾಕಿದ ದಿನದಿಂದ ಒಂದು ಚೂರು ಸದ್ದಿಲ್ಲ. ಅಂಗಡಿ ತುಂಬ ಗಡಿಯಾರ ಇವೆ, ಮನೆಗೆ ಹೋದ್ರೆ ಕಿವಿ ಗುಂಯ್ ಅನ್ನುತ್ತೆ. ಇದನ್ನ ಅಳಿಸಿಬಿಡಮ್ಮ. ಬಂದ್ರೂ ಬರಬಹುದು."

ಅವನೆದುರೇ ಅವಳು ಚಿತ್ರವನ್ನು ಕೆರೆದು ಹಾಕಿದಳು. ಕಣ್ಣು, ತುಟಿ, ಕೊನೆಗೆ ಕಿವಿ. ಮುದುಕ ಓಡುವ ಹೆಜ್ಜೆಯಲ್ಲಿ ಮನೆಗೆ ಹೋದ. ಕೆಲವು ದಿನ ಕಳೆದು ದಾರಿಯಲ್ಲಿ ಸಿಕ್ಕಾಗ ಗೀಚಿ ಕಣ್ಣಲ್ಲೇ ಕೇಳಿದಳು. ಅವನು ಇಲ್ಲವೆಂದು ತಲೆ ಅಲ್ಲಾಡಿಸಿ ಮುಂದೆ ನಡೆದ.

ಬಿಡಿಸುವುದು ಎಂದರೆ ಏನೆಂದು ಆವತ್ತು ಅವಳಿಗೆ ತಿಳಿಯಿತು. ಅಂದಿನಿಂದ ಬಂದವರಿಗೆಲ್ಲ ಮೊದಲೇ ಕೇಳುತ್ತಿದ್ದಳು: "ಬರೆದುಕೊಡಲೋ, ಬಿಡಿಸಿಕೊಡಲೋ?" ಎರಡೂ ಒಂದೇ ಅಲ್ಲವೇ ಎಂದು ಜನ ಹುಬ್ಬೇರಿಸಿದರೆ, ಒಂದೇ ಅಲ್ಲ ಎನ್ನುತ್ತಿದ್ದಳು. ಬರೆಯುವುದಾದರೆ ಪೆನ್ಸಿಲ್ಲಿನಿಂದ ಮೊದಲು ಅಂಡಾಕಾರ ಹಾಕಿ, ಅಡ್ಡಗೆರೆ ಉದ್ದಗೆರೆ ಎಳೆದು, ಕಿವಿಯನ್ನು ಕೊನೆಗೆ ಅಂಟಿಸುವುದು. ಹೋಲುತ್ತದೆ, ಅಷ್ಟೇ. "ಮನೆಯಲ್ಲಿ ಇದ್ದರೆ ಇರಲಿ ಅನ್ನೋದಾದ್ರೆ ಬರೆಸ್ಕೊಂಡು ಹೋಗಿ. ಸಾಕಾಗಿದೆ ಅಂದ್ರೆ ಬಿಡಿಸ್ತೀನಿ." ನಗುತ್ತ ಬಂದವರು ಆ ಮಾತು ಕೇಳಿ ಹೊಸ್ತಿಲಲ್ಲೇ ನಿಂತು ಯೋಚನೆ ಮಾಡುತ್ತಿದ್ದರು.

ಇಷ್ಟೆಲ್ಲ ಆದರೂ ಅವಳು ತನ್ನ ಮನೆಯ ಒಂದು ಕಲೆಯನ್ನು ಮುಟ್ಟಿರಲಿಲ್ಲ. ಮಂಚದ ಪಕ್ಕ, ಮಲಗಿದವರ ತಲೆಯ ಮಟ್ಟದಲ್ಲಿ, ಬೂದು ಬಣ್ಣದ್ದು. ಉಳಿದ ಕಲೆಗಳು ಬಂದು ಹೋಗುತ್ತಿದ್ದವು, ಅದು ಅಲ್ಲೇ ಇತ್ತು. ಚಿಕ್ಕಂದಿನಲ್ಲಿ ಜ್ವರ ಬಂದರೆ ಅವಳು ಅದಕ್ಕೆ ಹಣೆ ಒತ್ತುತ್ತಿದ್ದಳು, ಗೋಡೆ ಅಂಗೈಯ ಹಾಗೆ ಬಾಗಿ ಹಣೆಯನ್ನು ಹಿಡಿದುಕೊಳ್ಳುತ್ತಿತ್ತು. ಅಪ್ಪ ಯಂತ್ರದ ಮುಂದೆ ಕೂತು, ತಲೆಯೆತ್ತದೆ, ಆ ಕಡೆಗೆ ಮಾತಾಡುತ್ತಿದ್ದ.

"ಏ ಇವಳೇ, ಬಿಳಿ ದಾರ ಎಲ್ಲಿ?"

ಮಂಚದ ಕೆಳಗೆ ಏನೋ ಉರುಳಿದ ಸದ್ದಾಗುತ್ತಿತ್ತು. ಅಪ್ಪ ಬಗ್ಗಿ ದಾರದ ಉಂಡೆ ಎತ್ತಿಕೊಳ್ಳುತ್ತಿದ್ದ. ಅಜ್ಜಿ ಮಾತ್ರ ಸತ್ತಮೇಲೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. "ನಮ್ಮಮ್ಮನಿಗೆ ಎಲ್ಲದಕ್ಕೂ ಅವಸರ, ನೆಟ್ಟಗೆ ಹೊರಟುಹೋದಳು" ಅಂದಿದ್ದ ಅಪ್ಪ. ಹಾಗಾಗಿ ಆ ಮನೆಯಲ್ಲಿ ಉಳಿದವರು ಮೂವರು. ಗೀಚಿ ಮದುವೆಯಾಗಿ ಇನ್ನೊಂದು ಮನೆಗೆ ಹೋಗುವ ಮಾತೇ ಎತ್ತಲಿಲ್ಲ. ತಲೆಯಲ್ಲಿ ಬಿಳಿ ಕೂದಲು ಮೂಡಿತು. ಅಮ್ಮನ ಮುಖ ಹೇಗಿತ್ತೆಂದು ಅವಳಿಗೆ ಗೊತ್ತಿರಲಿಲ್ಲ, ಆದರೆ ಅಮ್ಮ ಇದ್ದಳು.

ಒಂದು ದಿನ ಮನೆ ಮಾಲೀಕರ ಮಗ ಬಂದ. ಕೂರಿ ಅಂದರೆ ಗೋಡೆ ನೋಡಿ ನಿಂತೇ ಇದ್ದ. ಲಾಂಡ್ರಿ ಊರಾಚೆಗೆ ಹೋಗುತ್ತಿದೆ, ಈ ಮನೆಗಳ ಸಾಲನ್ನೆಲ್ಲ ಕೆಡವಿ ಬೇರೆ ಕಟ್ಟುತ್ತಾರೆ ಅಂದ. "ನಿಮಗೆ ಹತ್ತಿರದಲ್ಲೇ ಬೇರೆ ಮನೆ ನೋಡಿದ್ದೀನಿ ಅಂಕಲ್. ಗಾಳಿ ಬೆಳಕು ಎಲ್ಲ ಚೆನ್ನಾಗಿದೆ. ಗೋಡೆ ಒಣಗಿದೆ."

"ಅದೇ ಬೇಡ ನನಗೆ" ಅಂದ ಅಪ್ಪ.

ಬಾಯ್ಲರು ನಿಂತಿತು. ಗೋಡೆ ಒಣಗಲು ಶುರುವಾಯಿತು. ಒಂದೊಂದೇ ಕಲೆ ಮಾಸಿ, ಗೋಡೆ ಎಲ್ಲ ಗೋಡೆಗಳ ಹಾಗೆ ಆಗುತ್ತ ಬಂತು. ಮಂಚದ ಪಕ್ಕದ ಬೂದು ಕಲೆ ದಿನದಿನಕ್ಕೆ ಕುಗ್ಗಿತು. ಅಪ್ಪ ಬೆಳಿಗ್ಗೆ ಎದ್ದವನೇ ಒದ್ದೆ ಬಟ್ಟೆ ತಂದು ಅದಕ್ಕೆ ಒತ್ತುತ್ತಿದ್ದ. ಕಾಯಿಲೆಯವರಿಗೆ ಒತ್ತಿದ ಹಾಗೆ, ಬಟ್ಟೆ ಬಿಸಿಯಾದರೆ ಮತ್ತೆ ಅದ್ದಿ ಹಿಂಡಿ. ಅಷ್ಟು ಜಾಗವನ್ನು ಹಾಗೇ ಕತ್ತರಿಸಿ ಒಯ್ಯಬಹುದೇ ಎಂದು ಗಾರೆಯವನನ್ನು ಕರೆಸಿದ. ಅವನು ಬೆರಳ ಗಿಣ್ಣಿನಿಂದ ಗೋಡೆ ತಟ್ಟಿ ನೋಡಿದ. "ಒಳಗೆಲ್ಲ ಹಿಟ್ಟಾಗಿದೆ ಯಜಮಾನ್ರೇ. ಮುಟ್ಟಿದ್ರೆ ಉದುರಿಹೋಗುತ್ತೆ" ಎಂದವನು, ಕೈ ಹಿಂದಕ್ಕೆಳೆದುಕೊಂಡು ತನ್ನ ಗಿಣ್ಣನ್ನೇ ನೋಡಿಕೊಂಡ. ಒಳಗಿನಿಂದ ಯಾರೋ ತಿರುಗಿ ತಟ್ಟಿದ್ದರು.

"ಮಗಳೇ, ನೀನು ಅವಳದೊಂದು ಚಿತ್ರ ಬರಿ" ಅಂದ ಅಪ್ಪ. "ಬರಿ ಅಷ್ಟೇ. ಬಿಡಿಸಬೇಡ. ಹೊಸ ಮನೆಗೆ ತಗೊಂಡು ಹೋಗೋಣ."

"ಮುಖ ನೀವೇ ಹೇಳ್ಬೇಕಪ್ಪ. ನಾನು ನೋಡಿಲ್ಲ."

ಅಪ್ಪ ಕೈಯಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಕೊನೆಗೆ ತಲೆ ತಗ್ಗಿಸಿ, ಮಂಚದ ಕಡೆ ಕೇಳಿಸದ ಹಾಗೆ ಪಿಸುಗುಟ್ಟಿದ:

"ಮರೆತುಹೋಗಿದೆ. ಯಾವಾಗಿನಿಂದಲೋ ಮರೆತುಹೋಗಿದೆ. ಅಳತೆ ಎಲ್ಲಾ ನೆನಪಿದೆ. ಎಡಗಡೆ ಭುಜ ಒಂಚೂರು ಇಳಿದಿತ್ತು, ಕುತ್ತಿಗೆ ಸಣ್ಣ, ತೋಳು ಉದ್ದ. ಈಗಲೂ ಅವಳಿಗೆ ರವಿಕೆ ಹೊಲಿದುಬಿಡ್ತೀನಿ. ಮುಖದ ಜಾಗದಲ್ಲಿ ಏನೂ ಇಲ್ಲ."

ಗೀಚಿ ಯೋಚಿಸಿದಳು. ಬರೆಯಲು ಮುಖ ಬೇಕು. ಅದು ಯಾರ ಹತ್ತಿರವೂ ಇಲ್ಲ. ಇನ್ನುಳಿದ ದಾರಿ ಒಂದೇ. ಅದನ್ನು ಹಿಡಿದರೆ ಅಪ್ಪನಿಗೆ ಅಮ್ಮ ಉಳಿಯುವುದಿಲ್ಲ, ತನಗೂ ಉಳಿಯುವುದಿಲ್ಲ. ಹಿಡಿಯದಿದ್ದರೆ ಗೋಡೆಯ ಜೊತೆ ಅಮ್ಮನೂ ಹಿಟ್ಟಾಗುತ್ತಾಳೆ. ಅಪ್ಪ ತಾನಾಗಿ ಹೇಳುವವರೆಗೂ ಸುಣ್ಣದ ಬಿಲ್ಲೆ ಮುಟ್ಟುವುದಿಲ್ಲ ಎಂದುಕೊಂಡಳು.

ಸಾಮಾನೆಲ್ಲ ತಳ್ಳುಗಾಡಿಗೆ ಏರಿಸಿದ ದಿನ, ಮಟಮಟ ಮಧ್ಯಾಹ್ನ, ಆಚೆ ಬದಿಯಲ್ಲಿ ಲಾಂಡ್ರಿ ಕೆಡವಲು ಯಂತ್ರ ಬಂತು. ಮೊದಲ ಪೆಟ್ಟಿಗೇ ಮನೆ ನಡುಗಿ ಸೂರಿನಿಂದ ಧೂಳು ಸುರಿಯಿತು. ಇಬ್ಬರೂ ಗೋಡೆ ನೋಡಿದರು. ಬೂದು ಕಲೆ ಬೆಚ್ಚಿತು. ಎರಡನೇ ಪೆಟ್ಟು ಬಿತ್ತು. ಕಲೆ ಮೊಣಕಾಲು ಎದೆಗೆಳೆದುಕೊಂಡ ಹಾಗೆ ಮುದುಡಿ, ಮೂಲೆಗೆ ಸರಿಯಿತು. ಗೋಡೆಯೊಳಗಿನಿಂದ ಟಕಟಕ ಟಕಟಕ ಎಂದು ಬೆರಳು ಬಡಿಯತೊಡಗಿತು, ಗುರಿ ದಿಕ್ಕಿಲ್ಲದೆ, ಕಂಡ ಕಂಡಲ್ಲಿ.

"ಹೆದರಿದ್ದಾಳೆ" ಅಂದ ಅಪ್ಪ. "ಮಗಳೇ, ಅವಳು ಹೆದರಿದ್ದಾಳೆ."

"ಕಿವಿ ಹೇಗಿತ್ತಪ್ಪ?"

ಅಪ್ಪ ಕಣ್ಣು ಮುಚ್ಚಿದ. ಎರಡು ಕೈಯನ್ನೂ ಗಾಳಿಯಲ್ಲಿ ಎತ್ತಿ, ಯಾರದೋ ಹಿಂದೆ ನಿಂತು ಕುತ್ತಿಗೆಯ ಸುತ್ತಳತೆ ತೆಗೆಯುವವನಂತೆ ಬಗ್ಗಿದ. "ಹಾಲೆ ತೆಳ್ಳಗೆ. ಎರಡು ತೂತು, ಒಂದು ಮುಚ್ಚಿಹೋಗಿತ್ತು. ಟೇಪು ತಣ್ಣಗಿದ್ರೆ ಮೇಲ್ತುದಿ ಕೆಂಪಾಗ್ತಿತ್ತು…" ಎಂದು ಕಣ್ಣು ತೆರೆದ. "ಬಿಡಿಸು."

ಗೀಚಿ ಮಂಚವಿದ್ದ ಜಾಗದಲ್ಲಿ ನಿಂತಳು. ಗೆರೆಯ ತುದಿ ಬಿಲ್ಲೆ ತಾಗಿದ ಕೂಡಲೇ ಸಿಕ್ಕಿತು, ಇಷ್ಟು ವರ್ಷ ಅಲ್ಲೇ ಕಾದಿದ್ದ ಹಾಗೆ. ಕಿವಿ ಬಂತು. ಕಿವಿಯಿಂದ ಕತ್ತು, ಇಳಿದ ಎಡಭುಜ, ತುರುಬು. ಕೈ ತಾನಾಗಿ ಓಡುತ್ತಿತ್ತು. ಆದರೆ ಗೆರೆ ಕೆನ್ನೆಯ ಕಡೆ ತಿರುಗಲೇ ಇಲ್ಲ. ಅವರೆದುರು ಮೂಡಿದ್ದು ಬೆನ್ನು. ಅಮ್ಮ ಇನ್ನೂ ಆ ಕಡೆಗೇ ಮುಖ ಮಾಡಿ ಮಲಗಿದ್ದಳು.

ಆಚೆ ಇನ್ನೊಂದು ಪೆಟ್ಟು. ಗೋಡೆ ಮೇಲಿನಿಂದ ಕೆಳಕ್ಕೆ ಬಿರುಕು ಬಿಟ್ಟಿತು.

"ಏ ಇವಳೇ" ಅಂದ ಅಪ್ಪ, ದಾರ ಕೇಳುವ ದನಿಯಲ್ಲೇ. "ಈ ಕಡೆ ಹೊರಳೇ ಒಂದ್ಸಲ. ಮಗಳು ನೋಡ್ಲಿ."

ಗೀಚಿಯ ಬೆರಳಿನ ಕೆಳಗೆ ಗೋಡೆ ಸರಿದ ಹಾಗಾಯಿತು. ಮಲಗಿದವರು ಹೊರಳುವಾಗ ಹಾಸಿಗೆ ಸರಿಯುತ್ತದಲ್ಲ, ಹಾಗೆ. ಗೆರೆ ದವಡೆಯನ್ನು ಸುತ್ತಿ ಬಂತು. ಗಲ್ಲ, ತುಟಿ, ಮೂಗು ಬಂದವು. ಮೂಗು ನೀಟಾಗೇನೂ ಇರಲಿಲ್ಲ. ಕೊನೆಗೆ ಕಣ್ಣು. ಗೀಚಿ ಹಿಂದೆ ಸರಿದು ನೋಡಿದಳು. ಅದು ಇನ್ನೂ ಹುಡುಗಿಯ ಮುಖ. ತನ್ನ ಮಗಳಾಗಬಹುದಾದಷ್ಟು ಚಿಕ್ಕವಳು. ಆ ಕಣ್ಣು ತನ್ನನ್ನು ನೋಡುತ್ತಿರಲಿಲ್ಲ, ಅಪ್ಪನನ್ನೂ ನೋಡುತ್ತಿರಲಿಲ್ಲ. ನರೆತ ತಲೆಯ ಈ ಇಬ್ಬರು ಯಾರೆಂದೇ ಗೊತ್ತಿಲ್ಲದವಳ ಹಾಗೆ, ಗಾಬರಿಯಿಂದ ಕೆಳಗೆ ನೆಲದ ಹತ್ತಿರ ಏನನ್ನೋ ಹುಡುಕುತ್ತಿತ್ತು.

ಗೀಚಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಅವಳು ಬಿಲ್ಲೆ ಕೆಳಗಿಟ್ಟು, ಧೂಳಿನ ನೆಲದ ಮೇಲೆ ಕೂತಳು. ಇನ್ನೂ ಬಗ್ಗಿದಳು. ಗೋಡೆ ಹಿಡಿದು ಹೆಜ್ಜೆ ಇಡುವ ಮಗು ಎಷ್ಟು ಎತ್ತರವೋ ಅಷ್ಟಕ್ಕೆ ತಲೆ ತಂದು ಮೇಲೆ ನೋಡಿದಳು.

ಕಣ್ಣಿಗೆ ಕಣ್ಣು ಸೇರಿತು. ಸುಣ್ಣದ ಗೆರೆಯ ಗಾಬರಿ ಇಳಿಯಿತು. ಬಡಿತ ನಿಂತಿತು. ಬಿಸಿ ಇಸ್ತ್ರಿಪೆಟ್ಟಿಗೆ ಒದ್ದೆ ಬಟ್ಟೆ ಮುಟ್ಟಿದಂಥ ಸಣ್ಣ ಸದ್ದಿನೊಂದಿಗೆ ಅಷ್ಟು ಜಾಗ ಒಣಗಿತು. ಅದರ ಹಿಂದೆಯೇ ಮನೆ ಬರಿದಾದದ್ದು ಇಬ್ಬರಿಗೂ ಗೊತ್ತಾಯಿತು, ಕಿವಿಯಲ್ಲಿ ನೀರು ತುಂಬಿದ ಹಾಗೆ.

ಅಪ್ಪ ಹೊರಗೆ ಹೋಗಿ ತಳ್ಳುಗಾಡಿಯ ಹತ್ತಿರ ನಿಂತ.

ಗೀಚಿ ಎದ್ದು ಮಂಡಿಯ ಧೂಳು ಕೊಡವಿಕೊಂಡಳು. ಗೋಡೆಯ ಮೇಲಿದ್ದದ್ದು ಈಗ ಬರೀ ಚಿತ್ರ. ಕಸುಬಿನವಳ ಕಣ್ಣಿಗೆ ತಪ್ಪು ಕಂಡೇ ಕಂಡಿತು. ಗಲ್ಲದ ಗೆರೆ ಒಂದಿಷ್ಟು ಆಚೆ ಹೋಗಿತ್ತು, ಬೆರಳಿನಿಂದ ಒರೆಸಿ ಮತ್ತೆ ಎಳೆದರೆ ಸರಿಹೋಗುತ್ತಿತ್ತು. ಕೈ ಅರ್ಧದವರೆಗೆ ಎದ್ದಿತು. ಅವಳು ಅದನ್ನು ಇಳಿಸಿಕೊಂಡು, ಹೊಸ್ತಿಲು ದಾಟಿ ಹೊರಗೆ ಬಂದಳು.

"ಒಳಗೆ ಯಾರಾದ್ರೂ ಉಳಿದ್ರಾ?" ಅಂದ ಅಪ್ಪ.

"ಯಾರೂ ಇಲ್ಲಪ್ಪ."

ಅಪ್ಪ ತಳ್ಳುಗಾಡಿಯ ಒಂದು ಬದಿ ಹಿಡಿದ, ಅವಳು ಇನ್ನೊಂದು ಬದಿ ಹಿಡಿದಳು. ಬಾಗಿಲು ಎಳೆದುಕೊಳ್ಳಬೇಕೆಂದು ಇಬ್ಬರಿಗೂ ತೋಚಲಿಲ್ಲ.